ಪರರ ಹೊಸ್ತಿಲಲ್ಲಿ ಕಲಿತ ಇಂಗ್ಲಿಷ್

ಸುಮಾರು 1500ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ವೆನಿಸ್ ರಾಯಭಾರಿಯ ಕಡೆಯವನೊಬ್ಬ ಊರಿಗೆ ಬರೆದ ವರದಿಯಲ್ಲಿ ಅಲ್ಲಿನ ತಂದೆತಾಯಿಯರ ಮೇಲೆ ದೂರು ಹೇಳಿದ್ದಾನೆ. ಇವರಿಗೆ ಮಕ್ಕಳೆಂದರೆ ಅಕ್ಕರೆಯೇ ಇಲ್ಲ. ಏಳೋ ಒಂಬತ್ತೋ ವರ್ಷ ತುಂಬಿತೆಂದರೆ ಗಂಡಾಗಲಿ ಹೆಣ್ಣಾಗಲಿ ಬೇರೆಯವರ ಮನೆಗೆ ಚಾಕರಿಗೆ ಅಟ್ಟುತ್ತಾರೆ. ಯಾಕೆಂದು ಕೇಳಿದರೆ, ಅಲ್ಲಿ ನಯವಿನಯ ಚೆನ್ನಾಗಿ ಕಲಿಯುತ್ತಾರೆ ಎಂಬ ಉತ್ತರ. ಅವನು ಅದನ್ನು ನಂಬಲಿಲ್ಲ. ಸ್ವಂತ ಮಕ್ಕಳಿಗಿಂತ ಪರರ ಮಕ್ಕಳಿಂದ ಚೆನ್ನಾಗಿ ಸೇವೆ ಮಾಡಿಸಿಕೊಳ್ಳಬಹುದಲ್ಲ, ಅದೇ ನಿಜವಾದ ಕಾರಣ ಎಂಬುದು ಅವನ ಗುಮಾನಿ.

ಗುಮಾನಿ ಏನೇ ಇರಲಿ, ದೊಡ್ಡ ಮನೆಗಳಿಗೆ ಹೀಗೆ ಹೋಗುತ್ತಿದ್ದ ಹುಡುಗರಿಗಾಗಿ ಕೈಪಿಡಿಗಳೇ ಹುಟ್ಟಿಕೊಂಡಿದ್ದವು. 1475ರ ಆಸುಪಾಸಿನ ‘ಬೇಬೀಸ್ ಬುಕ್’ ಎಂಬ ಪದ್ಯಕೃತಿ ಅವುಗಳಲ್ಲೊಂದು. ಒಡೆಯನ ಮನೆಯೊಳಗೆ ನುಗ್ಗಬೇಡ, ತಲೆಯೆತ್ತಿ ನಿಧಾನವಾಗಿ ನಡೆದು ಬಾ. ದೇವರ ಹೆಸರಿನಲ್ಲಿ ಶುಭ ಕೋರಿ ಇದ್ದವರಿಗೆಲ್ಲ ವಂದಿಸು. ಒಡೆಯನ ಮುಂದೆ ಒಂದು ಮೊಣಕಾಲನ್ನಷ್ಟೇ ಊರು. ಕಂಬಕ್ಕೆ ಒರಗಬೇಡ, ಊಟಕ್ಕೆ ಕೂತಾಗ ಮೂಗು, ಹಲ್ಲು, ಉಗುರಿಗೆ ಕೈ ಹಾಕಬೇಡ. ಮಾತಾಡಿಸಿದರೆ ಮಾತ್ರ ಮಾತಾಡು. ‘ಆಂಟಿಗೆ ಥ್ಯಾಂಕ್ಯೂ ಹೇಳು ಪುಟ್ಟಾ’ ಎಂದು ಮಗುವಿನ ಬೆನ್ನು ತಿವಿಯುವ ಇಂದಿನ ಅಮ್ಮಂದಿರಿಗೆ ಈ ಕೊನೆಯ ನಿಯಮ ಒಗ್ಗಲಾರದು. 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ವಿಲಿಯಂ ಕ್ಯಾಕ್ಸ್‌ಟನ್, ಒಂದೆರಡು ವರ್ಷದೊಳಗೇ ‘ಪುಟ್ಟ ಜಾನ್’ ಎಂಬ ಹುಡುಗನಿಗೆ ಬುದ್ಧಿ ಹೇಳುವ ಇಂಥದೇ ಪುಸ್ತಕವನ್ನು ಅಚ್ಚು ಹಾಕಿದ. ಮಾರಾಟವಾಗುವ ಸರಕು ಯಾವುದೆಂದು ಅವನಿಗೆ ಗೊತ್ತಿತ್ತು.

ಇವೆಲ್ಲ ಇಂಗ್ಲಿಷ್ ಮನೆಮಾತಾಗಿದ್ದವರಿಗೆ. ಭಾಷೆಯೇ ಬಾರದವರ ಸರದಿ ಬಂದದ್ದು ಮುಂದಿನ ಶತಮಾನದಲ್ಲಿ. ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರ ಬೇಟೆ ಶುರುವಾಗಿ, 1572ರ ಸೇಂಟ್ ಬಾರ್ಥೊಲೊಮ್ಯೂ ಹತ್ಯಾಕಾಂಡದ ನಂತರ ಹ್ಯೂಗ್ನೋ ಎಂದು ಕರೆಸಿಕೊಂಡ ಈ ಪ್ರಾಟೆಸ್ಟೆಂಟರ ಕುಟುಂಬಗಳು ಗುಂಪುಗುಂಪಾಗಿ ಕಡಲು ದಾಟಿ ಇಂಗ್ಲೆಂಡಿಗೆ ಬಂದವು. ನೇಯ್ಗೆಯಂಥ ಕಸುಬು ಅವರ ಕೈಯಲ್ಲಿತ್ತು, ಬಾಯಲ್ಲಿ ಇಂಗ್ಲಿಷ್ ಇರಲಿಲ್ಲ. ಅವರಿಗಾಗಿ ನಾರ್ಮಂಡಿಯ ಕಾನ್ ಊರಿನ ಝಾಕ್ ಬೆಲ್ಲೊ 1586ರಲ್ಲಿ ‘ಫ್ಯಾಮಿಲಿಯರ್ ಡೈಲಾಗ್ಸ್’ ಹೊರತಂದ. ಅಚ್ಚು ಹಾಕಿದ ತೋಮಾ ವೋತ್ರೋಲಿಯೆ ಕೂಡ ಲಂಡನ್ನಿನಲ್ಲಿ ನೆಲೆಸಿದ್ದ ಹ್ಯೂಗ್ನೋ.

ಪುಟ ತೆರೆದರೆ ಮೂರು ಸಾಲು ಅಂಕಣ: ಇಂಗ್ಲಿಷ್, ಅದರ ಫ್ರೆಂಚ್, ಆಮೇಲೆ ಅದೇ ಇಂಗ್ಲಿಷನ್ನು ಫ್ರೆಂಚ್ ಬಾಯಿಗೆ ಹೊಂದುವಂತೆ ಬರೆದ ಉಚ್ಚಾರ. ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕಗಳಲ್ಲಿ ಕನ್ನಡ ಲಿಪಿಯಲ್ಲಿ ‘ಹೌ ಆರ್ ಯು’ ಓದಿದವರಿಗೆ ಈ ಉಪಾಯ ಹೊಸದಲ್ಲ. ವ್ಯಾಕರಣದ ಗೋಜಿಲ್ಲ. ಬೆಳಗಾಗುತ್ತದೆ, ಮಕ್ಕಳು ಎದ್ದು ಶಾಲೆಗೆ ಹೊರಡಬೇಕು. ತಯಾರಾದೆಯಾ ಎಂದು ಕೇಳಿದರೆ ಹುಡುಗ ಸಿಡುಕುತ್ತಾನೆ: ಕೆಲಸದವಳು ಅಂಗಿಯ ಬದಲು ಹೆಂಗಸರ ಒಳಲಂಗ ತಂದುಕೊಟ್ಟಿದ್ದಾಳೆ, ತಯಾರಾಗುವುದು ಹೇಗೆ? ಅವಳು ಮರೆತೆನೆಂದು ಒಪ್ಪಿಕೊಂಡು ಅಂಗಿ ಕೊಡುತ್ತಾಳೆ, ಅವನು ಜಾಣೆ ಎಂದು ಹೊಗಳುತ್ತಾನೆ. ತಪ್ಪೊಪ್ಪಿಕೊಳ್ಳುವುದು, ಮೆಚ್ಚಿಕೊಳ್ಳುವುದು ಎರಡೂ ನಾಲ್ಕೇ ಸಾಲಿನಲ್ಲಿ ಮುಗಿದವು. ಸೌಜನ್ಯದ ಪಾಠ ಇಷ್ಟು ಸಲೀಸಾಗಿ ಮುಂದಿನ ಎಷ್ಟೋ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ.

ಆಮೇಲೆ ಅಂಗಡಿ ಬೀದಿ. ಮೀನು, ಮಾಂಸ, ಬಟ್ಟೆಗೆ ಚೌಕಾಸಿ. ಸಂಜೆ ನೆಂಟರಿಷ್ಟರ ಊಟ. ಆದರೆ ಊಟದ ಹರಟೆಯಲ್ಲಿ ಬೆಲ್ಲೊ ಹವಾಮಾನದ ಮಾತು ಎತ್ತುವುದಿಲ್ಲ. ಏನು ಸಮಾಚಾರ ಎಂದರೆ, ಫ್ರಾನ್ಸಿನ ಉದ್ದಗಲಕ್ಕೂ ರೋಗ, ಬರ. ಈಚೆಗೆ ದಾಟಿ ಬಂದವರು ಬಹಳವೋ? ಬಹಳ, ಅನೇಕರು ಬಡತನದಲ್ಲಿ ಬೇಯುತ್ತಿದ್ದಾರೆ. ನಿರಾಶ್ರಿತರು ಉರು ಹಾಕಬೇಕಾಗಿದ್ದ ಕುಶಲ ಪ್ರಶ್ನೆಗಳಲ್ಲಿ ಅವರದೇ ಪಾಡು ತುಂಬಿತ್ತು. 1685ರಲ್ಲಿ ಫ್ರಾನ್ಸ್ ಹ್ಯೂಗ್ನೋಗಳ ಧಾರ್ಮಿಕ ಸ್ವಾತಂತ್ರ್ಯವನ್ನು ಪೂರಾ ಕಿತ್ತುಕೊಂಡಿತು. ಲೊಸಾನ್ ಕಡೆಯ ಗೀ ಮಿಯೆಜ್ ಫ್ರೆಂಚರಿಗೆ ಇಂಗ್ಲಿಷ್ ಕಲಿಸುವ ಪುಸ್ತಕ ತಂದದ್ದೂ ಅದೇ ವರ್ಷ.

ಭಾರತದಲ್ಲಿ ಹೊಸ್ತಿಲು ತಿರುಗುಮುರುಗಾಯಿತು. ಇಲ್ಲಿ ಕಡಲು ದಾಟಿ ಬಂದವರೇ ಒಡೆಯರು. ಅವರ ಮಾತು ಕಲಿಯಬೇಕಾದವರು ಮನೆಯವರು. 1797ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ, ಜಾನ್ ಮಿಲ್ಲರ್‌ನ ‘ದಿ ಟ್ಯೂಟರ್’ ಬಂತು. ಮೈಸೂರಿನಲ್ಲಿ 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿತು. ಎರಡೇ ವರ್ಷದಲ್ಲಿ, 1833ಕ್ಕೆ, ಮುಮ್ಮಡಿ ಕೃಷ್ಣರಾಜ ಒಡೆಯರು ಇಂಗ್ಲಿಷ್ ಕಲಿಸುವ ರಾಜಾ ಫ್ರೀ ಸ್ಕೂಲ್ ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ. ಕಚೇರಿಯ ಬಾಗಿಲು ತಟ್ಟುವವನಿಗೆ ‘ಸರ್’ ಎನ್ನುವುದು ಬಂದಿರಲೇಬೇಕಿತ್ತು.

ಸಿದ್ಧ ವಾಕ್ಯಗಳನ್ನು ಉರು ಹೊಡೆಸುವ ಈ ಪದ್ಧತಿಗೆ ಗಟ್ಟಿಯಾದ ಸವಾಲು ಎದ್ದದ್ದೂ ನಮ್ಮ ಕಡೆಯೇ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಭಾಗದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ನಡೆಸಿದ ಪ್ರಯೋಗ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳಿಗೆ ಪರಿಚಿತ. ಅಲ್ಲಿ ಮಕ್ಕಳ ಕೈಗೆ ವಾಕ್ಯಗಳ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು, ಯಾವ ಗಾಡಿ ಹಿಡಿದರೆ ಹೊತ್ತಿಗೆ ತಲುಪಬಹುದು ಎಂಬಂಥ ಲೆಕ್ಕ ಬಿಡಿಸಲು ಹಚ್ಚಿದರು. ತಲೆ ಅರ್ಥದ ಹಿಂದೆ ಹೋದರೆ ಭಾಷೆ ತಾನಾಗಿ ಹಿಂಬಾಲಿಸುತ್ತದೆ ಎಂಬುದು ಪ್ರಭು ವಾದ. 1987ರಲ್ಲಿ ಪುಸ್ತಕವಾಗಿ ಬಂದ ಈ ವಾದ ವಿದೇಶದ ತರಬೇತಿ ಕಾಲೇಜುಗಳಲ್ಲಿ ಚರ್ಚೆಗೆ ಗ್ರಾಸವಾಯಿತು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಮೇಷ್ಟ್ರು ಒಳಗೆ ಕಾಲಿಟ್ಟ ಕೂಡಲೇ ಇಡೀ ತರಗತಿ ಎದ್ದುನಿಂತು ರಾಗ ಎಳೆಯುವ ‘ಗುಡ್ ಮಾರ್ನಿಂಗ್ ಸಾ…ರ್’ ಮಾತ್ರ ಅದಕ್ಕೂ ಎಷ್ಟೋ ಮೊದಲೇ ಅಲ್ಲಿ ಬೇರೂರಿತ್ತು.