ಮ್ಯಾಂಟಲ್ ಸೆಲ್ ಲಿಂಫೋಮಾ: ವಯಸ್ಸಾದವರಿಗೆ ಸೌಮ್ಯ ಕೀಮೋಥೆರಪಿ

ಮ್ಯಾಂಟಲ್ ಸೆಲ್ ಲಿಂಫೋಮಾ ದುಗ್ಧಗ್ರಂಥಿಗಳ ವಿರಳ ಕ್ಯಾನ್ಸರ್. ಅರವತ್ತು ದಾಟಿದ ಪುರುಷರಲ್ಲಿ ಹೆಚ್ಚು. ಆಕರಕೋಶ ಕಸಿ ಸಹಿತದ ತೀವ್ರ ಚಿಕಿತ್ಸೆಯನ್ನು ಇವರಲ್ಲಿ ಅನೇಕರ ದೇಹ ತಾಳದು. ಅಂಥವರಿಗೆ ಬೆಂಡಾಮಸ್ಟಿನ್-ರಿಟುಕ್ಸಿಮ್ಯಾಬ್ ಜೋಡಿ ನೀಡಲಾಗುತ್ತದೆ. 2013ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಈ ಜೋಡಿ ರೋಗವನ್ನು ಸರಿಸುಮಾರು 35 ತಿಂಗಳು ಹತೋಟಿಯಲ್ಲಿಟ್ಟಿತ್ತು. ಹಳೆಯ ಆರ್-ಚಾಪ್ ಪದ್ಧತಿಯಲ್ಲಿ ಈ ಅವಧಿ 22 ತಿಂಗಳು. ಕೂದಲು ಉದುರುವುದೂ ಕಡಿಮೆ.

ಬೆಂಡಾಮಸ್ಟಿನ್ 28 ದಿನಗಳಿಗೊಮ್ಮೆ ಎರಡು ದಿನ, ಸಾಮಾನ್ಯವಾಗಿ ಆರು ಸುತ್ತು. ಅರಸೀಕೆರೆ, ಬೇಲೂರು, ಹಳೇಬೀಡಿನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿಬರುವವರಿಗೆ ಈ ಲೆಕ್ಕವೂ ಸಣ್ಣದಲ್ಲ.

ಆದರೆ 'ಸೌಮ್ಯ' ಎಂಬ ಮಾತಿಗೆ ಮೈಮರೆಯುವಂತಿಲ್ಲ. ಬೆಂಡಾಮಸ್ಟಿನ್ ರೋಗನಿರೋಧಕ ಕೋಶಗಳನ್ನು ತಿಂಗಳುಗಟ್ಟಲೆ ಕುಗ್ಗಿಸುತ್ತದೆ. ಊರಿಗೆ ಮರಳಿದ ಮೇಲೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಬೆಂಗಳೂರಿನ ಮುಂದಿನ ಸರದಿಗೆ ಕಾಯದೆ, ರಾತ್ರಿಯಾದರೂ ಸರಿಯೇ, ಹತ್ತಿರದ ದೊಡ್ಡ ಆಸ್ಪತ್ರೆ ಸೇರಿ, ಕೀಮೋ ನಡೆಯುತ್ತಿರುವುದನ್ನು ಮೊದಲು ತಿಳಿಸಬೇಕು.