ದೇಶವಿಭಜನೆಯ ಇತಿಹಾಸದಲ್ಲಿ ಸಾಕ್ಷಿಯ ನುಡಿ

1947ರ ದೇಶವಿಭಜನೆಯನ್ನು ನಾವು ಬಹುಕಾಲ ಸಂಧಾನಗಳ ಇತಿಹಾಸವಾಗಿಯೇ ಓದುತ್ತ ಬಂದಿದ್ದೇವೆ. ಮೌಂಟ್‌ಬ್ಯಾಟನ್ನರ ಯೋಜನೆ, ರ್ಯಾಡ್‌ಕ್ಲಿಫ್ ಗಡಿರೇಖೆ, ಕಾಂಗ್ರೆಸ್ ಮತ್ತು ಮುಸ್ಲಿಂ ಲೀಗುಗಳ ನಿಲುವು, ಇವುಗಳ ವಿವೇಚನೆಗೆ ದಾಖಲೆಗಳು ಹೇರಳವಾಗಿವೆ. ಆದರೆ ಒಂದು ಕೋಟಿಗೂ ಮಿಕ್ಕ ಜನರು ಮನೆಮಾರು ತೊರೆದು ಗಡಿ ದಾಟಿದ ಆ ದುರಂತದಲ್ಲಿ ಮಡಿದವರೆಷ್ಟು? ಅಂದಾಜುಗಳು 2 ಲಕ್ಷದಿಂದ 20 ಲಕ್ಷದವರೆಗೆ ಹಬ್ಬಿವೆ. ಸತ್ತವರ ಲೆಕ್ಕವನ್ನೇ ನಿಶ್ಚಯಿಸಲಾರದ ದಾಖಲೆಯು ಬದುಕುಳಿದವರ ಅಂತರಂಗವನ್ನು ತಿಳಿಸೀತೆಂದು ನಾವು ನಿರೀಕ್ಷಿಸುವಂತಿಲ್ಲ.

ಅಪಹೃತ ಸ್ತ್ರೀಯರ ವಿಷಯವು ಇದಕ್ಕೆ ನಿದರ್ಶನ. ಅವರ ಸಂಖ್ಯೆ ಸುಮಾರು 75,000 ಎಂದು ಹೇಳುವುದುಂಟು. ಅವರನ್ನು ಹುಡುಕಿ ಮರಳಿ ಕಳುಹಿಸಲು ಎರಡು ಸರಕಾರಗಳೂ 1947ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡುವು; 1949ರಲ್ಲಿ ಭಾರತವು ಶಾಸನವನ್ನೂ ರಚಿಸಿತು. 1947ರ ಮಾರ್ಚ್ 1ರ ಅನಂತರ ಕುಟುಂಬದಿಂದ ಅಗಲಿ ಅನ್ಯಮತೀಯರೊಡನೆ ವಾಸಿಸುತ್ತಿದ್ದ ಮುಸ್ಲಿಂ ಸ್ತ್ರೀಯು ಆ ಶಾಸನದ ದೃಷ್ಟಿಯಲ್ಲಿ ಅಪಹೃತಳೇ. ಹಿಂದಿರುಗಲು ಅವಳಿಗೆ ಇಷ್ಟವಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ. ರಾಜ್ಯವು ಅವಳನ್ನು ಎಣಿಸಿತು, ಕೇಳಲಿಲ್ಲ.

1984ರಲ್ಲಿ ದೆಹಲಿಯ ಸಿಖ್ಖರ ಮೇಲೆ ಹಿಂಸಾಚಾರ ನಡೆದಾಗ ಹಳೆಯ ನೆನಪುಗಳು ಮತ್ತೆ ಬಾಯಿಗೆ ಬಂದುವು. ಆಗ ಪರಿಹಾರಕಾರ್ಯದಲ್ಲಿ ತೊಡಗಿದ್ದ ಊರ್ವಶಿ ಬುಟಾಲಿಯಾ ಅವರು ವಿಭಜನೆಯ ಸಂತ್ರಸ್ತರ ಮಾತುಗಳನ್ನು ಸಂಗ್ರಹಿಸತೊಡಗಿದರು. ಅವರ ಗ್ರಂಥವೂ ರಿತು ಮೆನನ್ ಹಾಗೂ ಕಮಲಾ ಭಾಸಿನ್ ಅವರ ಗ್ರಂಥವೂ 1998ರಲ್ಲಿ ಪ್ರಕಟವಾದುವು.

1947ರ ಮಾರ್ಚಿನಲ್ಲಿ ರಾವಲ್ಪಿಂಡಿ ಜಿಲ್ಲೆಯ ಥೋಆ ಖಾಲ್ಸಾ ಗ್ರಾಮದಲ್ಲಿ ಸುಮಾರು 90 ಮಂದಿ ಸಿಖ್ ಸ್ತ್ರೀಯರು ಬಾವಿಗೆ ಹಾರಿ ಪ್ರಾಣ ತೊರೆದರು. ಸಮುದಾಯವು ಇದನ್ನು ಬಲಿದಾನವೆಂದು ಕೊಂಡಾಡುತ್ತ ಬಂದಿದೆ. ಆದರೆ ಬಾವಿಯು ತುಂಬಿಹೋದುದರಿಂದ ಮುಳುಗದೆ ಉಳಿದ ಸ್ತ್ರೀಯೊಬ್ಬಳು ತನ್ನ ಕಥೆಯನ್ನು ಹೇಳಿದಾಗ ಆ ಕೀರ್ತನೆಯಲ್ಲಿ ಕಾಣದಿದ್ದ ಭಯವೂ ದುಃಖವೂ ನಮಗೆ ಗೋಚರವಾಗುತ್ತವೆ. ಮಡಿದವಳಿಗೆ ಸ್ಮಾರಕ ದೊರೆಯಿತು. ಉಳಿದವಳಿಗೆ ಮಾತಿನ ಹೊರತು ಬೇರೇನೂ ಇರಲಿಲ್ಲ.

ಹೇಳಿಕೊಂಡ ಮಾತ್ರಕ್ಕೆ ನೋವು ಮಾಯುವುದೆಂದು ನಾವು ಹೇಳಲಾರೆವು. ಪುರಾವೆಗಾಗಿ ಮಾತ್ರ ಕೇಳುವವನ ಮುಂದೆ ಆಡಿದ ಮಾತು ಗಾಯವನ್ನು ಕೆದಕಲೂಬಹುದು. ಮಾತನಾಡಲೊಲ್ಲದವರ ಮೌನವೂ ಗೌರವಾರ್ಹವಾದುದು. ಆದರೆ ಇತರರು ತನ್ನನ್ನು ಕುರಿತು ಹೇಳುತ್ತಿದ್ದ ಕಥೆಯನ್ನು ತಾನೇ ಹೇಳುವಂತಾದಾಗ, ಕಳೆದುಹೋದ ಅಧಿಕಾರವೊಂದು ಅವಳಿಗೆ ಮರಳಿ ದೊರೆಯುತ್ತದೆ. ಉಪಶಮನದ ಮೊದಲ ಮೆಟ್ಟಿಲು ಇದೆಂದು ನಮ್ಮ ಅಭಿಪ್ರಾಯ.

ಸ್ಮೃತಿಯು ತಪ್ಪುತ್ತದೆ ಎಂಬ ಆಕ್ಷೇಪಣೆ ನಿಜವೇ. ತೇದಿಯನ್ನೂ ಸ್ಥಳವನ್ನೂ ದಾಖಲೆಯೊಡನೆ ತಾಳೆ ನೋಡಲೇಬೇಕು. ಆದರೆ ಅನುಭವದ ಅರ್ಥವನ್ನು ತಾಳೆ ನೋಡಲು ಯಾವ ಕಡತವೂ ಇಲ್ಲ. 1947ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತನ್ನು ಸಮೀಪಿಸಿದ್ದಾರೆ. ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿಯ ಶಿಬಿರಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ನೆಲೆಸಿವೆ. ನಮ್ಮ ವಿದ್ಯಾರ್ಥಿಗಳು ಕೇಳಬೇಕಾದ ಸಾಕ್ಷಿಗಳು ದೂರದ ಪಂಜಾಬಿನಲ್ಲಿ ಮಾತ್ರವಿಲ್ಲ. ಕೇಳುವ ಕಾಲವು ಮಾತ್ರ ಹೆಚ್ಚಾಗಿ ಉಳಿದಿಲ್ಲ.