ಜಾಲದ ನೆನಪು: ಹೊಸದೆಲ್ಲವೂ ಸತ್ಯವೇ?

ಗಣಕಜಾಲಗಳ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಚರಿತ್ರೆಯೆಂದು ಹೇಳುವುದುಂಟು. ಅದಕ್ಕೆ ಇನ್ನೊಂದು ಮುಖವೂ ಇದೆ. ಅದು ನೆನಪಿನ ಚರಿತ್ರೆ. ಜಾಲದ ಒಂದು ಯಂತ್ರ ಕೆಟ್ಟಾಗ, ಅದು ತಿಳಿದಿದ್ದುದನ್ನು ಯಾರಿಂದ ಮರಳಿ ಪಡೆಯಬೇಕು? ನೆರೆಯ ಯಂತ್ರಗಳು ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬೇಕು? ಈ ಪ್ರಶ್ನೆಗಳು ಬೆಳೆದು ಬಂದ ಬಗೆಯನ್ನು ಇಲ್ಲಿ ನೋಡೋಣ.

1980ರ ಪಾಠ

ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ 1969ರಲ್ಲಿ ಆರಂಭವಾದ ಅರ್ಪಾನೆಟ್ ಇಂದಿನ ಇಂಟರ್‌ನೆಟ್ಟಿನ ಪೂರ್ವಜ. ಅದರ ಪ್ರತಿ ಕೇಂದ್ರದಲ್ಲೂ ಸಂದೇಶಗಳನ್ನು ಮುಂದಕ್ಕೆ ಸಾಗಿಸುವ ಒಂದು ಚಿಕ್ಕ ಗಣಕವಿತ್ತು. ತನ್ನ ಸುತ್ತಲಿನ ಮಾರ್ಗಗಳ ಸ್ಥಿತಿಯನ್ನು ಅದು ಆಗಾಗ ಉಳಿದ ಗಣಕಗಳಿಗೆಲ್ಲ ವರದಿ ಮಾಡುತ್ತಿತ್ತು. ಯಾವ ವರದಿ ಹೊಸದೆಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ ಇರುತ್ತಿತ್ತು. ಈ ಎಣಿಕೆ 63ನ್ನು ಮುಟ್ಟಿದ ಮೇಲೆ ಗಡಿಯಾರದ ಮುಳ್ಳಿನಂತೆ ಮತ್ತೆ ಸೊನ್ನೆಗೆ ಬರುತ್ತಿತ್ತು.

1980ರ ಅಕ್ಟೋಬರ್ 27ರಂದು ಒಂದು ಯಂತ್ರದ ದೋಷದಿಂದ ಕೆಲವು ಬಿಟ್‌ಗಳು ಕಳಚಿಹೋದವು. ಪರಿಣಾಮವಾಗಿ ಒಂದೇ ಕೇಂದ್ರದ ಹೆಸರಿನಲ್ಲಿ 44, 40 ಮತ್ತು 8 ಎಂಬ ಸಂಖ್ಯೆಗಳ ಮೂರು ವರದಿಗಳು ಹರಿದಾಡತೊಡಗಿದವು. ಎಣಿಕೆ ವೃತ್ತಾಕಾರದ್ದಾದುದರಿಂದ 40ಕ್ಕಿಂತ 44 ಹೊಸದು, 44ಕ್ಕಿಂತ 8 ಹೊಸದು, 8ಕ್ಕಿಂತ 40 ಹೊಸದು ಎಂದಾಯಿತು! ಪ್ರತಿಯೊಂದು ಗಣಕವೂ ಇವನ್ನು ಕೊನೆಯಿಲ್ಲದೆ ಹಂಚುತ್ತ ಹೋಯಿತು. ಹಲವಾರು ಗಂಟೆಗಳ ಕಾಲ ಇಡೀ ಜಾಲವೇ ಸ್ತಬ್ಧವಾಯಿತು. ಒಂದು ಗಣಕವನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ, ನೆರೆಯ ಗಣಕಗಳು ಅದೇ ತಪ್ಪು ವರದಿಯನ್ನು ಅದಕ್ಕೆ ಮತ್ತೆ ಕಲಿಸುತ್ತಿದ್ದವು. ಕೊನೆಗೆ ಆ ಕೇಂದ್ರದ ಹೆಸರಿನ ವರದಿಗಳನ್ನು ಸ್ವೀಕರಿಸಬಾರದೆಂದು ಗಣಕಗಳಿಗೆಲ್ಲ ಸೂಚನೆ ಕೊಟ್ಟ ಮೇಲೆಯೇ ಜಾಲ ಚೇತರಿಸಿಕೊಂಡಿತು.

ಕಟ್ಟಡದೊಳಗಿನ ಜಾಲ

ದೂರದ ಊರುಗಳನ್ನು ಜೋಡಿಸಿದ ಜಾಲದ ಈ ತೊಡಕು ಮುಂದೆ ಒಂದೇ ಕಟ್ಟಡದೊಳಗಿನ ಜಾಲಗಳಲ್ಲೂ ತಲೆದೋರಿತು. ಇಂಥ ಜಾಲಗಳಿಗೆ ಆಧಾರವಾದ ಈಥರ್‌ನೆಟ್ 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಹುಟ್ಟಿತು. 1990ರಲ್ಲಿ ಕಲ್ಪನಾ ಎಂಬ ಅಮೆರಿಕದ ಕಂಪನಿ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಇದು ದೀಪದ ಸ್ವಿಚ್ಚಲ್ಲ. ಬಂದ ಸಂದೇಶವನ್ನು ಸಂಬಂಧಪಟ್ಟ ಗಣಕಕ್ಕೆ ಮಾತ್ರ ತಲುಪಿಸುವ ಪೆಟ್ಟಿಗೆ. 1994ರಲ್ಲಿ ಸಿಸ್ಕೊ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು.

ಒಂದೇ ಸ್ವಿಚ್ಚಿನಲ್ಲಿ ಕಚೇರಿ, ಗ್ರಂಥಾಲಯ, ಪ್ರಯೋಗಾಲಯಗಳ ಗಣಕಗಳನ್ನು ಬೇರೆ ಬೇರೆ ಗುಂಪುಗಳಾಗಿ ಇಡುವ ವ್ಯವಸ್ಥೆಯೇ ವಿ-ಲ್ಯಾನ್. 1998ರಲ್ಲಿ ಪ್ರಕಟವಾದ 802.1ಕ್ಯೂ ಎಂಬ ಮಾನಕದ ಪ್ರಕಾರ ಪ್ರತಿ ಸಂದೇಶಕ್ಕೂ ಗುಂಪಿನ ಸಂಖ್ಯೆಯ ಚೀಟಿಯೊಂದನ್ನು ಅಂಟಿಸಬಹುದು. ಸಂಖ್ಯೆಗೆ 12 ಬಿಟ್‌ಗಳಿದ್ದು, ಮೀಸಲಾದ ಎರಡನ್ನು ಬಿಟ್ಟರೆ 4094 ಗುಂಪುಗಳು ಸಾಧ್ಯ.

ದೊಡ್ಡ ಕಟ್ಟಡದ ಹತ್ತಾರು ಸ್ವಿಚ್ಚುಗಳಲ್ಲೂ ಗುಂಪುಗಳ ಪಟ್ಟಿ ಒಂದೇ ಆಗಿರಬೇಕು. ಅದನ್ನು ತಾನಾಗಿಯೇ ಹಂಚಲು ಸಿಸ್ಕೊ ವಿಟಿಪಿ ಎಂಬ ವಿಧಾನವನ್ನು ರೂಪಿಸಿತು. ಪಟ್ಟಿ ಬದಲಾದಂತೆಲ್ಲ ಅದರ ಪರಿಷ್ಕರಣ ಸಂಖ್ಯೆ ಒಂದೊಂದಾಗಿ ಏರುತ್ತದೆ. ಹೆಚ್ಚಿನ ಸಂಖ್ಯೆಯ ಪಟ್ಟಿಯನ್ನು ಉಳಿದ ಸ್ವಿಚ್ಚುಗಳು ಒಪ್ಪಿಕೊಳ್ಳುತ್ತವೆ. ಇದರಿಂದ ಒಂದು ಸ್ವಿಚ್ ಕೆಟ್ಟು ಹೊಸದನ್ನು ತಂದಿಟ್ಟರೆ, ಪಟ್ಟಿ ನೆರೆಯವರಿಂದ ತಾನಾಗಿ ಬಂದು ಸೇರುತ್ತದೆ.

ಅಪಾಯ ಇರುವುದೂ ಇಲ್ಲಿಯೇ. ಬದಲಿಗೆ ತಂದದ್ದು ಹಿಂದೆ ಬೇರೆಡೆ ಬಳಸಿದ ಸ್ವಿಚ್ ಎಂದುಕೊಳ್ಳಿ. ಅದರ ವಲಯದ ಹೆಸರು ಮತ್ತು ಗುಪ್ತಪದ ಜಾಲದ್ದೇ ಆಗಿದ್ದು, ಅದರ ಸಂಖ್ಯೆ 60, ಜಾಲದ್ದು 25 ಆಗಿದ್ದರೆ, ಹೊಸಬನ ಹಳೆಯ ಪಟ್ಟಿಯೇ ಎಲ್ಲೆಡೆ ಹರಡುತ್ತದೆ. ಆ ಪಟ್ಟಿಯಲ್ಲಿಲ್ಲದ ಗುಂಪುಗಳು ಅಳಿಸಿಹೋಗಿ, ಅವುಗಳ ಗಣಕಗಳ ಸಂಪರ್ಕ ಕಡಿದುಹೋಗುತ್ತದೆ. ಆದ್ದರಿಂದ ಬದಲಿ ಸ್ವಿಚ್ಚಿನ ವಲಯದ ಹೆಸರನ್ನು ಒಮ್ಮೆ ಬದಲಾಯಿಸಿ, ಸಂಖ್ಯೆಯನ್ನು ಸೊನ್ನೆಗಿಳಿಸಿದ ಮೇಲೆಯೇ ಜಾಲಕ್ಕೆ ಜೋಡಿಸುವುದು ರೂಢಿ.

ಇನ್ನೊಂದು ಅಂಶವೂ ಗಮನಾರ್ಹ. ವಿಟಿಪಿ ಹಂಚುವುದು ಗುಂಪುಗಳ ಪಟ್ಟಿಯನ್ನು ಮಾತ್ರ. ಯಾವ ತಂತಿ ಯಾವ ಗುಂಪಿಗೆ ಸೇರಿದ್ದೆಂಬುದು ಆಯಾ ಸ್ವಿಚ್ಚಿನಲ್ಲಷ್ಟೇ ಇರುತ್ತದೆ. ಆ ಸ್ವಿಚ್ ಸತ್ತರೆ ಅದನ್ನು ಹೇಳಬಲ್ಲವರು ನೆರೆಯಲ್ಲಿ ಯಾರೂ ಇಲ್ಲ. ಮೊದಲೇ ಬೇರೆ ಗಣಕದಲ್ಲಿ ಪ್ರತಿ ತೆಗೆದಿಟ್ಟಿದ್ದರೆ ಮಾತ್ರ ಅದು ಮರಳಿ ಸಿಗುತ್ತದೆ. ಅಳಿಸಿಹೋದ ಪಟ್ಟಿಯನ್ನು ಮತ್ತೆ ಬರೆಯಲೂ ಅಂಥ ಪ್ರತಿಯೇ ಆಧಾರ.

ವಿಟಿಪಿಯ ಮೂರನೆಯ ಆವೃತ್ತಿಯಲ್ಲಿ, ಪಟ್ಟಿ ತಿದ್ದುವ ಅಧಿಕಾರವನ್ನು ಆಡಳಿತಗಾರರು ನೇಮಿಸಿದ ಒಂದೇ ಸ್ವಿಚ್ಚಿಗೆ ಕೊಡಲಾಯಿತು. ಸಂಖ್ಯೆ ದೊಡ್ಡದಿದ್ದರಷ್ಟೇ ಸಾಲದು, ಹೇಳುವವರಿಗೆ ಅಧಿಕಾರವೂ ಇರಬೇಕು ಎಂಬುದು ಇದರ ತಿರುಳು. ತಾಳೆಗರಿಗಳನ್ನು ಸಂಪಾದಿಸುವವರಿಗೆ ಈ ವಿವೇಕ ಹೊಸದಲ್ಲ. ತೀರ ಈಚಿನ ಪ್ರತಿಯೇ ಶುದ್ಧಪಾಠವೆಂದು ಅವರು ನಂಬುವುದಿಲ್ಲ. ಪ್ರತಿ ಎಲ್ಲಿಂದ ಬಂತೆಂದು ಮೊದಲು ವಿಚಾರಿಸುತ್ತಾರೆ.